ಬಾಗಿಲೇ ಇಲ್ಲದ ಗುಡಿ

ಗರುಡ ಬಸ್ಸು ಹತ್ತಿದ್ದನ್ನು ಕಂಡದ್ದೇ ತಡ, ಅವನು ಸೀಟಿನಡಿ ಬಗ್ಗಿ ಚಪ್ಪಲಿ ಹುಡುಕತೊಡಗಿದ. ಚಪ್ಪಲಿ ಕಾಲಲ್ಲೇ ಇತ್ತು.

"ಏನ್ರೀ ಕಳೀತು?" ಹೆಂಡತಿ ಕೇಳಿದಳು.

ಮಾನ, ಅಂದುಕೊಂಡ. "ಏನಿಲ್ಲ," ಅಂದ.

ಬಗ್ಗಿದಲ್ಲೇ ಪ್ಯಾಂಟಿನ ಜೇಬಿನಿಂದ ಏನೋ ತೊಡೆಗೆ ಚುಚ್ಚಿತು. ಮುಟ್ಟಿ ನೋಡಿದ. ಗೋಡೌನಿನ ಕೀ. ಬರುವ ದಾರಿಯಲ್ಲಿ ವಾಚ್‌ಮನ್ ಕೈಗೆ ಕೊಡಬೇಕೆಂದಿದ್ದ. "ಬಸ್ಸೇನು ನಮ್ಮಪ್ಪನದಾ, ಕಾಯೋಕೆ?" ಎಂದು ಹೆಂಡತಿ ಅಟ್ಟಿಸಿಕೊಂಡು ಬಂದ ಭರಾಟೆಯಲ್ಲಿ ಮರೆತಿದ್ದ. ಇಳಿಯೋಣವೆಂದು ತಲೆ ಎತ್ತುವಷ್ಟರಲ್ಲಿ ಬಸ್ಸು ಊರು ದಾಟಿತ್ತು. ಬಾಗಿಲ ಬಳಿಯ ಸೀಟಿನಲ್ಲಿ ಗರುಡ ಕೂತಿದ್ದ, ಪಕ್ಕದಲ್ಲಿ ಅವನ ಮುದಿ ತಾಯಿ.

ಗರುಡ ಅನ್ನುವುದು ಗೋಡೌನಿನವರು ಬೆನ್ನ ಹಿಂದೆ ಇಟ್ಟ ಹೆಸರು. ಮೂಗು ಹಾಗಿತ್ತು, ಕಣ್ಣು ಅದಕ್ಕಿಂತ ಹಾಗಿತ್ತು. ಯಾರು ತಡವಾಗಿ ಬಂದರು, ಯಾರು ಬೇಗ ಜಾಗ ಖಾಲಿ ಮಾಡಿದರು, ಒಂದೂ ಆ ಕಣ್ಣಿಗೆ ತಪ್ಪದು. ಅಂಥ ಗರುಡ ಇಲ್ಲಿದ್ದಾನೆ ಅಂದರೆ ಕೆಲಸ ಕೆಟ್ಟ ಹಾಗೇ.

ಅವತ್ತು ಹೆಡ್ ಆಫೀಸಿನವರು ಸ್ಟಾಕ್ ಎಣಿಸಲು ಬರುವವರಿದ್ದರು. ಬಣ್ಣದ ಡಬ್ಬ ಒಂದು ಉರುಳಿದರೂ ಜೊತೆಗೆ ಯಾರದೋ ತಲೆ ಉರುಳುವ ದಿನ. ವಾರದಿಂದ ರಜೆ ಕೇಳಿದವರಿಗೆಲ್ಲ ಒಂದೇ ಉತ್ತರ ಸಿಕ್ಕಿತ್ತು: "ಸಾಯೋದಿದ್ರೂ ಸೋಮವಾರ ಸಾಯಿರಿ." ಮೊದಲೇ ಯಾರನ್ನೂ ನಂಬದ ಕಂಪನಿ. ಬಾಗಿಲು ಒಂದು, ಬೀಗ ಎರಡು.

ಆದರೆ ಮನೆಯಲ್ಲಿ ಬೇರೆ ಕಾನೂನು. ಹೆಂಡತಿ ಎಂದೋ ಈ ಅಗ್ಗದ ಟೂರಿಗೆ ಇಬ್ಬರ ಹೆಸರೂ ಬರೆಸಿದ್ದಳು. ಶನಿವಾರ ಹೋಗಿ ಭಾನುವಾರ ವಾಪಸ್, ನಡುವೆ ಹಾಳುಬಿದ್ದ ಗುಡಿಗಳು. ಕ್ಯಾನ್ಸಲ್ ಮಾಡಿದರೆ ಬಿಡಿಗಾಸೂ ಹಿಂದೆ ಬಾರದು. "ಈ ಸಲವೂ ಆಫೀಸು ಅಂದ್ರೆ ನಾನೊಬ್ಬಳೇ ಹೋಗ್ತೀನಿ. ತಿರುಗಿ ಬರ್ತೀನಿ ಅಂತ ಮಾತ್ರ ಕಾಯಬೇಡಿ," ಅಂದಿದ್ದಳು. ತಮಾಷೆಗೆ ಹೇಳಿದ ಮುಖವಾಗಿರಲಿಲ್ಲ.

ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಪ್ರೆಷರ್ ಕುಕ್ಕರಿನವರೆಗೆ ಎಲ್ಲದರ ದನಿ ತೆಗೆಯುತ್ತಿದ್ದ ಕಂಠ ಅವನದು. ಬೆಳಿಗ್ಗೆ ವಾಚ್‌ಮನ್‌ಗೆ ಫೋನ್ ಮಾಡಿ, ಗಂಟಲಲ್ಲಿ ಜಲ್ಲಿ ಜರಡಿ ಹಿಡಿದಂತೆ, "ಮೈ ಕಾದ ಹಂಚಾಗಿದೆ ಕಣಪ್ಪಾ... ಕೀ ತಲುಪಿಸ್ತೀನಿ," ಅಂದಿದ್ದ. ಆ ಕಡೆಯವನ ಗಂಟಲೂ ಕಟ್ಟಿತ್ತು. ನಾಟಕ ಗೆದ್ದಿತ್ತು. ಪ್ರೇಕ್ಷಕರಲ್ಲಿ ಗರುಡ ಇರಬಾರದಿತ್ತು, ಅಷ್ಟೇ.

ಅಗ್ಗದ ಟೂರಾದ್ದರಿಂದ ಡ್ರೈವರೇ ಗೈಡು. "ಇದು ಕಂಬ. ಅದೂ ಕಂಬವೇ. ಕಟ್ಟಿದೋರೂ ಇಲ್ಲ, ಕೆಡವಿದೋರೂ ಇಲ್ಲ, ಯಾರನ್ನ ಕೇಳ್ತೀರಿ? ಚೆನ್ನಾಗಿ ನೋಡ್ಕೊಳ್ಳಿ. ಬಸ್ಸು ತಿರುಗೋದು ನಾಳೇನೇ. ಅರ್ಜೆಂಟ್ ಇದ್ದೋರು ನಡ್ಕೊಂಡು ಹೋಗಬಹುದು."

"ಬಾಗಿಲೆಲ್ಲಿ?" ಹೆಂಡತಿ ಗರ್ಭಗುಡಿ ಇಣುಕಿದಳು.

"ಗೆದ್ದಲು ತಿಂತು ತಾಯಿ. ಈಗ ಯಾರು ಬೇಕಾದ್ರೂ ಒಳಗೆ ಹೋಗಬಹುದು."

ಪುಣ್ಯವಂತ ದೇವರು, ಅಂದುಕೊಂಡ ಅವನು.

ಗರುಡ ಎಡಕ್ಕೆ ಬಂದರೆ ಅವನು ಬಲಕ್ಕೆ. ಗರುಡ ಮಂಟಪ ಹತ್ತಿದರೆ ಅವನು ತಲೆಯಿಲ್ಲದ ವಿಗ್ರಹದ ಹಿಂದೆ. ಗರುಡನ ತಾಯಿ ಮೇಕೆಮರಿಯ ಹಾಗೆ ಮೆಟ್ಟಿಲು ಹಾರುತ್ತಿದ್ದಳು. ಅದನ್ನು ಅವನು ಬಾಯಿ ಬಿಟ್ಟುಕೊಂಡು ನೋಡಿದ. ನೋಡಿ ಹಲ್ಲು ಕಡಿದ. ಕಡಿಯುವುದಲ್ಲದೆ ಇನ್ನೇನು ಮಾಡುವ ಹಾಗಿತ್ತು? ಕೂಗುವಂತಿಲ್ಲ, ಓಡುವಂತಿಲ್ಲ.

"ಏನ್ರೀ, ಎಲ್ಲರೂ ಶಿಲ್ಪದ ಮುಂದೆ ನಿಂತರೆ ನೀವು ಹಿಂದೇನೇ ನಿಲ್ತೀರಲ್ಲ?"

"ಹಿಂದಿನ ಕಾಲದ್ದಲ್ವಾ," ಅಂದ. ಅವಳು ನಗಲಿಲ್ಲ.

ಜೇಬಿನಲ್ಲಿ ಫೋನು ಕೀಲಿಗೆ ಬಡಿದು ಕಟಕಟ ನಡುಗಿತು. ವಾಚ್‌ಮನ್. ಎತ್ತಲಿಲ್ಲ. ಮತ್ತೆ ನಡುಗಿತು, ಮತ್ತೆ ಬಿಟ್ಟ. ಅದು ನಿಂತ ಮರುಗಳಿಗೆ ಮಂಟಪದಲ್ಲಿ ಗರುಡನ ಫೋನು ಹೊಡೆದುಕೊಂಡಿತು. ಗರುಡ ಪರದೆ ನೋಡಿದ, ಸುತ್ತಲೂ ಒಮ್ಮೆ ಕಣ್ಣು ಹಾಯಿಸಿದ, ಎತ್ತದೆ ಜೇಬಿಗಿಳಿಸಿದ. ಹೆಡ್ ಆಫೀಸಿನವರು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಾರೆ ಅನ್ನುವುದನ್ನು ಈಗ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಫೋನ್ ಕೊಡ್ರಿ ಇಲ್ಲಿ." ಹೆಂಡತಿ ಅವನ ಜೇಬಿಗೇ ಕೈಹಾಕಿ ಎಳೆದುಕೊಂಡಳು. "ಇಷ್ಟು ದೂರ ಬಂದು ಜೊತೇಲಿ ಒಂದು ಫೋಟೋನೂ ಇಲ್ಲ ಅಂದ್ರೆ ನಮ್ಮಕ್ಕ ನಂಬ್ತಾಳಾ?" ಅಂದವಳೇ ಅತ್ತ ತಿರುಗಿ, "ಅಣ್ಣಾ, ನಮ್ಮಿಬ್ಬರದು ಒಂದು ಫೋಟೋ ತೆಗೀತೀರಾ?"

ಅಣ್ಣ ಅಂದರೆ ಗರುಡ.

ಅವನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಹೆಂಡತಿ ಅದನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡಳು.

ಗರುಡ ಫೋನು ಎತ್ತಿ ಹಿಡಿದ. "ಸ್ವಲ್ಪ ಹತ್ತಿರ ಬನ್ನಿ... ಹಾಂ, ಮುಖ ಮೇಲೆ..." ಮಾತು ಅಲ್ಲೇ ನಿಂತಿತು. ಅದೇ ಹೊತ್ತಿಗೆ ಫೋನು ಗರುಡನ ಕೈಯಲ್ಲೇ ನಡುಗಿತು. ಪರದೆಯ ತುಂಬ ವಾಚ್‌ಮನ್‌ನ ಹೆಸರು.

ಜ್ವರದ ದನಿ ತೆಗೆಯಲು ಅವನು ಬಾಯಿ ತೆರೆದ. ಏನೂ ಹೊರಡಲಿಲ್ಲ. ಊರವರ ದನಿಯೆಲ್ಲ ಬರುತ್ತಿದ್ದವನಿಗೆ ತನ್ನದೇ ಕೈಕೊಟ್ಟಿತ್ತು.

ಗರುಡನ ಮುಖ ಸುಣ್ಣವಾಯಿತು. "ತಪ್ಪಾಯ್ತು, ಸರ್," ಅಂದ. "ಅಮ್ಮನಿಗೆ ಸೀರಿಯಸ್ ಅಂತ ನಿಮಗೆ ಸುಳ್ಳು ಮೆಸೇಜ್ ಹಾಕಿದೆ. ಏನು ಮಾಡಲಿ, ನಿಯತ್ತಾಗಿ ರಜೆ ಕೇಳಿದ್ರೆ ಸಾಯೋದಿದ್ರೂ ಸೋಮವಾರ ಅಂದ್ರಿ. ಆದ್ರೆ ಒಬ್ಬ ಸ್ಟೋರ್‌ಕೀಪರ್‌ನ ಹಿಡಿಯೋಕೆ ಮ್ಯಾನೇಜರೇ ಇಷ್ಟು ದೂರ ಬರ್ತಾರೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ."

ಮುಳುಗುತ್ತಿದ್ದವನ ಕೈಗೆ ಹುಲ್ಲುಕಡ್ಡಿ ಸಿಕ್ಕಿತು. ಅವನು ಎದೆ ಸೆಟೆಸಿದ. ಕಳೆದುಹೋಗಿದ್ದ ದನಿ, ಆಫೀಸಿನ ಖಡಕ್ ದನಿ, ಗಂಟಲಿನವರೆಗೆ ಬಂತು. "ಹೂಂ," ಅಂದ.

ಗರುಡ ಜೇಬಿನಿಂದ ಉದ್ದನೆಯದೊಂದು ಕೀ ತೆಗೆದು ಅಂಗೈ ಮೇಲಿಟ್ಟು ತೋರಿಸಿದ. "ಗಡಿಬಿಡಿಯಲ್ಲಿ ನನ್ನ ಬೀಗದ ಕೀ ನನ್ನ ಹತ್ರಾನೇ ಉಳೀತು, ಸರ್. ನಿಮ್ಮದನ್ನಾದ್ರೂ ಅಲ್ಲಿ ಕೊಟ್ಟು ಬಂದಿದ್ದೀರಿ ತಾನೆ?"