ಯಮನವ್ವನ ತಾಲೀಮು

"ಸೀರೆ ಉಟ್ಟವರಿಗೆ ಈ ಆಟದಲ್ಲಿ ಪ್ರವೇಶವಿಲ್ಲ" ಎಂಬ ಸಾಲನ್ನು ಮೊಬೈಲಿನಲ್ಲಿ ಓದಿ ಮಾಧುರಿ ಪೆಚ್ಚಾದಳು. ಲೋಣಾವಳಾದ ಆಚೆಗಿನ ದೊಡ್ಡ ಥೀಮ್ ಪಾರ್ಕಿಗೆ ಮುಂದಿನ ಭಾನುವಾರ ಹೋಗುವುದೆಂದು ಎಷ್ಟೋ ಮೊದಲೇ ಟಿಕೆಟ್ ತೆಗೆಸಿ, ಯಾವ ಆಟ ಮೊದಲು, ಯಾವುದು ಊಟದ ನಂತರ ಎಂದು ಎಲ್ಲವನ್ನೂ ಗೊತ್ತುಮಾಡಿದ್ದಳು. ಇದೊಂದು ಸಾಲು ಮಾತ್ರ ಕಣ್ಣು ತಪ್ಪಿಸಿತ್ತು.

ಮಗಳು ಶರ್ವರಿಗೆ ಬೇಕಾಗಿದ್ದು ತಲೆಕೆಳಗಾಗಿ ಸುತ್ತುವ ರೋಲರ್ ಕೋಸ್ಟರ್ ಒಂದೇ. ಅವಳಷ್ಟು ಎತ್ತರದ ಮಕ್ಕಳ ಪಕ್ಕ ದೊಡ್ಡವರೊಬ್ಬರು ಕೂಡಲೇಬೇಕು. ಮಾಧುರಿಗೆ ಜೋಕಾಲಿ ನೋಡಿದರೂ ತಲೆ ಸುತ್ತುತ್ತದೆ. ಗಂಡ ವಿಕಾಸನಿಗೆ ಬೆನ್ನುನೋವು. ಅತ್ತೆ ಯಮನವ್ವ, "ನಾ ಕೂಡ್ತೀನಿ ಬಿಡು, ನನಗೇನಾಗೇದ" ಎಂದು ಮುಂದೆ ಬಂದಿದ್ದರು. ಡಾಕ್ಟರೂ ಆಗಲಿ ಎಂದಿದ್ದರು.

ಆದರೆ ಯಮನವ್ವ ಬುದ್ಧಿ ಬಂದಾಗಿನಿಂದ ಇಳಕಲ್ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಸವದತ್ತಿಯ ಕಡೆಯಿಂದ ಪುಣೆಯ ವಾಕಡಕ್ಕೆ ಬಂದು ಇಷ್ಟು ವರ್ಷವಾದರೂ ಅವರ ತಲೆಯ ಮೇಲಿನ ಸೆರಗು ಜಾರಿದ್ದನ್ನು ಸೊಸೆ ಕೂಡ ಕಂಡಿಲ್ಲ.

"ಅತ್ತ್ಯಾರ, ಸೀರಿ ನಡೆಂಗಿಲ್ಲಂತ್ರಿ. ಡ್ರೆಸ್ ಹಾಕ್ಕೋಬೇಕಂತ," ಎಂದಳು ಮಾಧುರಿ ಅಳುಕುತ್ತ.

ಯಮನವ್ವ ಮೆಂತ್ಯೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಹಂಗಾರ ಅಜ್ಜಿ ನನ್ನ ಜೋಡಿ ಕೂಡಂಗಿಲ್ಲೇನು?" ಎಂದ ಶರ್ವರಿಯ ಮುಖ ಸಪ್ಪಗಾಯಿತು. ಯಮನವ್ವ ಬಿಡಿಸಿದ ಸೊಪ್ಪು ಎತ್ತಿಕೊಂಡು ಒಳಗೆ ನಡೆದರು. ಇನ್ನು ಆ ಆಟದ ಮಾತು ಮುಗಿಯಿತು ಎಂದುಕೊಂಡಳು ಮಾಧುರಿ.

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ತೆರೆಯಿತು. ಮಾಧುರಿಯದೇ ಹಳೆಯ ನೀಲಿ ಚೂಡಿದಾರ ತೊಟ್ಟು, ಓಢಣಿಯನ್ನು ತಲೆತುಂಬ ಹೊದ್ದು, ಕೈಯಲ್ಲಿ ಕಾಯಿಪಲ್ಲೆಯ ಚೀಲ ಹಿಡಿದು ಯಮನವ್ವ ನಿಂತಿದ್ದರು. ನಾಚಿಕೆಗೆ ಮುಖ ಕೆಂಪಗಾಗಿತ್ತು.

"ಅಲ್ರಿ ಅತ್ತ್ಯಾರ, ರವಿವಾರ ಇನ್ನೂ ದೂರ ಅದಲ್ರಿ."

"ಅದಕ್ಕ ಇವತ್ತ ಹಾಕ್ಕೊಂಡೀನಿ. ಅಲ್ಲೆ ಹೋಗಿ ನಾಚಿಕೊಂಡು ನಿಂತ್ರ ಕೂಸಿನ ಪಾಳಿ ತಪ್ಪತದ."

ಅವರು ಹೊರಬಿದ್ದೊಡನೆ ಮಾಧುರಿ ಬಾಲ್ಕನಿಗೆ ಓಡಿದಳು. ಮನೆ ಮೊದಲ ಮಹಡಿಯಲ್ಲಿ. ಕೆಳಗಿನದೆಲ್ಲ ಕಾಣುತ್ತದೆ, ಕೇಳುತ್ತದೆ. ಗೇಟಿನ ಬಳಿಯ ಕಟ್ಟೆಯ ಮೇಲೆ ಸೊಸೈಟಿಯ ಹೆಂಗಸರು ಹರಟೆಗೆ ಕೂತಿದ್ದರು. ಅತ್ತೆಯನ್ನು ಕಂಡದ್ದೇ ಹರಟೆ ನಿಂತಿತು. ಯಾರೋ "ಆಜೀ, ಆಜ ಡ್ರೆಸ್?" ಅಜ್ಜೀ, ಇವತ್ತು ಡ್ರೆಸ್ಸೇ ಎಂದು ಮರಾಠಿಯಲ್ಲಿ ಕೇಳಿ ಕಿಸಕ್ಕನೆ ನಕ್ಕರು. ಯಮನವ್ವ ನಿಂತುಬಿಟ್ಟರು. ಇನ್ನೇನು ತಿರುಗಿ ಬಂದೇಬಿಡುತ್ತಾರೆ ಎಂದು ಮಾಧುರಿ ಬಾಲ್ಕನಿಯ ಕಂಬಿಯ ಮೇಲಿಂದ ಬಗ್ಗಿ ನೋಡಿದಳು.

"ಹೋ, ಪ್ರಾಕ್ಟಿಸ್ ಚಾಲೂ ಆಹೆ," ಹೌದು, ತಾಲೀಮು ನಡೆದಿದೆ ಎಂದು ಮರಾಠಿಯಲ್ಲೇ ಹೇಳಿದವರೇ ಅತ್ತೆ ಗೇಟು ದಾಟಿ ಕಾಯಿಪಲ್ಲೆಯ ಗಾಡಿಯತ್ತ ನಡೆದರು. ತಾನು ಮೊಬೈಲು ಹಿಡಿದು ಮಾಡಿದ ತಯಾರಿಯೆಲ್ಲ ಇದರ ಮುಂದೆ ಯಾವ ಲೆಕ್ಕ ಅನಿಸಿತು ಮಾಧುರಿಗೆ. ಇಂಥ ಅತ್ತೆ ತನಗೆ ಸಿಕ್ಕರಲ್ಲ ಎಂದು ಹೆಮ್ಮೆ ಉಕ್ಕಿ ಬಂತು.

ಮರಳಿ ಬಂದವರಿಗೆ ನೀರು ಕೊಡುತ್ತ ಕೇಳಿದಳು: "ಆ ಪಾರ್ಕಿನ ಗಾಡಿ ತಲಿ ಕೆಳಗ ಮಾಡಿ ತಿರುಗಸ್ತದರಿ. ನಿಮಗ ಅದರ ಹೆದರಿಕಿ ಇಲ್ಲೇನ್ರಿ?"

ಯಮನವ್ವ ನೀರು ಕುಡಿದು ತಂಬಿಗೆ ಕೆಳಗಿಟ್ಟರು.

"ಅದರಾಗ ಕೂತವರನ್ನ ಬಿಗಿದು ಕಟ್ಟೂ ಪಟ್ಟಾ ಇರ್ತದಲ್ಲವ್ವಾ," ಎಂದರು. "ಈಗ ಗೇಟ್ ದಾಟೂಮುಂದ ನನ್ನ ಹಿಡಕೊಳ್ಳಾಕ ಏನಿತ್ತು?"