ರೆಕ್ಕೆಗೆ ಒಂದೆಳೆ

“ಇನ್ನೊಂದೇ ಒಂದೆಳೆ ಕೊಡೇ, ವಿಮಾನ ಮುಗೀತು,” ಎಂದು ಗಡಿಯಾರ ರಿಪೇರಿಯವನು ಹೆಂಡತಿಯ ಮುಂದೆ ಅಂಗೈ ಚಾಚಿದ. ಮೇಜಿನ ಮೇಲೆ ಗೇಣುದ್ದದ ಯುದ್ಧವಿಮಾನ ನಿಂತಿತ್ತು. ಮೇಲೊಂದು ಕೆಳಗೊಂದು ರೆಕ್ಕೆಯಿದ್ದ ಹಳೇ ಕಾಲದ ವಿಮಾನದ ಮಾದರಿ. ಬಾಲದ ಹಸಿರು ಬಣ್ಣ ಇನ್ನೂ ಆರಿರಲಿಲ್ಲ. ಎರಡು ರೆಕ್ಕೆಗಳ ನಡುವೆ ಬಿಗಿಯುವ ತಂತಿಗೆ ನೂಲು ತೀರಾ ದಪ್ಪವಾಯಿತೆಂದು ಅವನು ಅವಳ ಬಾಚಣಿಗೆಯ ಕೂದಲಿಗೆ ಗಂಟುಬಿದ್ದಿದ್ದ. ಮೊದಮೊದಲು ಒಂದು ಉದ್ದನೆಯ ಎಳೆಗೂ ತಡಕಾಡಬೇಕಿತ್ತು. ಈಚೆಗೆ ಬೇಕಾದಷ್ಟು ಸಿಗುತ್ತಿತ್ತು. “ನಿನ್ನ ಬಾಚಣಿಗೆ ಈಗೀಗ ಕೊಡುಗೈ ದೊರೆ ಆಗ್ಬಿಟ್ಟಿದೆ ಕಣೇ,” ಎಂದು ತಮಾಷೆ ಬೇರೆ ಮಾಡಿದ್ದ. ಅವಳೂ ನಕ್ಕಿದ್ದಳು.

ಇವತ್ತು ಅವಳು ಬಾಚಣಿಗೆ ತರಲಿಲ್ಲ. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಅವನ ಪಕ್ಕದಲ್ಲಿ ಕೂತು, ದೀಪದ ಕೆಳಗೆ ತಲೆ ಬಗ್ಗಿಸಿದಳು.

“ನೀವೇ ತಗೊಳ್ಳಿ. ನಂಗೆ ಬಾಚೋಕೇ ಭಯ ಆಗ್ತಿದೆ.”

“ಕಿತ್ರೆ ನೋಯುತ್ತೆ ಕಣೇ.”

“ನೋಯಲ್ಲ ರೀ.”

ಒಂದು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಅವನು ಬಾಗಿ, ಚಿಮಟದಲ್ಲಿ ಒಂದೇ ಒಂದು ಎಳೆ ಹಿಡಿದ. ಎಳೆಯುವ ಮೊದಲೇ ಒಂದು ಹಿಡಿ ಕೂದಲು ಕಳಚಿ ವಿಮಾನದ ರೆಕ್ಕೆಯ ಮೇಲೆ ಬಿತ್ತು. ಅದು ಬಿಟ್ಟುಹೋದ ಜಾಗದ ಬೋಳು ಚರ್ಮ ಗಾಜಿನಲ್ಲಿ ದೊಡ್ಡದಾಗಿ, ಬೆಳ್ಳಗೆ ಕಂಡಿತು. ತಾನಾಡಿದ ತಮಾಷೆ ನೆನಪಾಗಿ ಅವನಿಗೆ ಕೆನ್ನೆಗೆ ಬಾರಿಸಿದಂತಾಯಿತು.

“ಇಷ್ಟಾದ್ರೂ ಒಂದು ಮಾತು ಹೇಳ್ಲಿಲ್ವಲ್ಲೇ ನಂಗೆ?”

ಅವಳು ತಲೆ ಎತ್ತಲಿಲ್ಲ. “ದಿನಾ ಬಾಚಣಿಗೆ ತಂದು ನಿಮ್ಮ ಕೈಗೇ ಕೊಡ್ತಿದ್ನಲ್ಲ ರೀ.”