ಕಂಬದ ತುದಿಯ ಬಾವುಟ

"ಈ ಸಲ ಮುಂದೆ ನಾನು. ತುದಿತನಕ ಹೋಗಿ, ಇರೋ ಬರೋ ಕೊಬ್ಬನ್ನೆಲ್ಲ ಹೊಟ್ಟೇಲಿ ಒರೆಸ್ಕೊಂಡು ಬಿದ್ಬಿಡ್ತೀನಿ. ನೀನು ಹಿಂದೆ ಬಂದು ಬಾವುಟ ಕಿತ್ಕೋ," ಎಂದ ವಾನ್ನಿ.

ಮೆಲೊ ನಕ್ಕ. "ನಿನಗೆ ಬೀಳೋಕೆ ಬರುತ್ತೇನೋ? ಅದಕ್ಕೂ ಅಭ್ಯಾಸ ಬೇಕು ಮಾರಾಯ."

ಹೇಳಿದ್ದು ತಮಾಷೆಗೆ, ಆದರೆ ಮಾತು ಸುಳ್ಳಲ್ಲ. ಸಂತ ಯಾಕೋಬನ ಹಬ್ಬದ ದಿನ ಬಂದರಿನ ಕಟ್ಟೆಯಿಂದ ಸಮುದ್ರದ ಮೇಲಕ್ಕೆ, ಹಳೆಯ ಹಡಗೊಂದರ ಪಟದ ಕಂಬವನ್ನು ಅಡ್ಡಡ್ಡಕ್ಕೆ ಚಾಚುತ್ತಾರೆ. ಅದರ ಮೈತುಂಬ ದನದ ಕೊಬ್ಬು ಮೆತ್ತಿ, ತುದಿಗೆ ಕೆಂಪು ಬಾವುಟ ಸಿಕ್ಕಿಸುತ್ತಾರೆ. ಮೀನುಗಾರರು ಒಬ್ಬರ ಹಿಂದೆ ಒಬ್ಬರು ಬರಿಗಾಲಲ್ಲಿ ಓಡಿ, ಜಾರಿ, ನೀರಿಗೆ ಬೀಳುತ್ತಾರೆ. ಬಿದ್ದವರ ಬಟ್ಟೆಗೆ ಅಂಟಿ ಅಂಟಿ ಕೊಬ್ಬು ಕಡಿಮೆಯಾಗಿ, ಕೊನೆಗೊಬ್ಬನ ಕೈಗೆ ಬಾವುಟ ಸಿಗುತ್ತದೆ. ಅಲ್ಲಿಗೆ ಆಟ ಮುಗಿಯಿತು. ಎಷ್ಟೋ ವರ್ಷಗಳಿಂದ ಆ ಕೊನೆಯವನು ವಾನ್ನಿಯೇ. ಅವನಿಗಿಂತ ಮುಂಚೆ ಹೋಗಿ ಕಂಬ ಒರೆಸಿ ಬೀಳುವವನು ಅವನದೇ ದೋಣಿಯ ಮೆಲೊ. ಊರು ವಾನ್ನಿಯನ್ನು ಹೆಗಲ ಮೇಲೆ ಹೊತ್ತು ಮೆರೆಸುವಾಗ ಮೆಲೊ ಕೊಬ್ಬು ಮೆತ್ತಿದ ಒದ್ದೆ ಅಂಗಿಯಲ್ಲಿ ಸುಮ್ಮನೆ ಮನೆಗೆ ಹೋಗುತ್ತಿದ್ದ. ಇದು ಸರಿಯಲ್ಲವೆಂದು ವಾನ್ನಿಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ಹೊಳೆದದ್ದು ಈ ವರ್ಷ, ಮೆಲೊನ ಅಪ್ಪ ಬಾಸ್ತಿಯಾನೊನಿಂದ. ಮುದುಕನ ಕಣ್ಣು ಆರುತ್ತಾ ಬಂದಿತ್ತು. ಮನುಷ್ಯರು ಅವನಿಗೀಗ ಬರೀ ನೆರಳು; ಬಣ್ಣಗಳಲ್ಲಿ ಕೆಂಪೊಂದು ಉಳಿದಿತ್ತು. ಮುಂದಿನ ಹಬ್ಬದ ಹೊತ್ತಿಗೆ ಅದೂ ಇರುವುದಿಲ್ಲ ಎಂದು ಪಲೆರ್ಮೊ ಪಟ್ಟಣದ ವೈದ್ಯರು ಹೇಳಿ ಕಳಿಸಿದ್ದರು. ಅವನು ಹೊಸ ಟೋಪಿ ಹಾಕಿಕೊಂಡು, ಕಟ್ಟೆಯ ಅಂಚಿಗೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಬಂದವರಿಗೆಲ್ಲ ಒಂದೇ ಮಾತು: "ಇವತ್ತು ಕೀಳೋದು ನನ್ನ ಮಗ. ನೋಡ್ತಾ ಇರಿ."

ಮುಂದಿದ್ದವರೆಲ್ಲ ದೊಪ್ಪದೊಪ್ಪನೆ ಬಿದ್ದ ಮೇಲೆ ವಾನ್ನಿ ಕಂಬದ ಮೇಲೆ ಕಾಲಿಟ್ಟ. ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ, ದೇವರಾಣೆಗೂ ಇರಲಿಲ್ಲ. ಅರ್ಧ ದಾಟಿದ. ಇಲ್ಲೇ ಬಿದ್ದರೆ ತುದಿಯ ಕೊಬ್ಬು ಹಾಗೇ ಉಳಿಯುತ್ತದೆ, ಮೆಲೊ ಜಾರುತ್ತಾನೆ, ಇನ್ನು ಸ್ವಲ್ಪ ಹೋಗೋಣ ಎಂದುಕೊಂಡ. ಕಟ್ಟೆಯ ಮೇಲಿನ ಜನ "ಇನ್ನೊಂದು ಹೆಜ್ಜೆ! ಇನ್ನೊಂದು ಹೆಜ್ಜೆ!" ಎಂದು ಕೂಗತೊಡಗಿದರು. ಆ ಕೂಗು ಅವನ ಕಾಲಿಗೆ ಹಳೆಯ ಪರಿಚಯ. ಕಾಲು ತಾನಾಗಿ ಗಟ್ಟಿಯಾಯಿತು. ಬಾವುಟ ಮೂಗಿನ ಮುಂದೆ ಪಟಪಟ ಬಡಿದುಕೊಂಡಿತು. ಈಗ ಬೀಳಬೇಕು, ಈಗ ಬೀಳಬೇಕು ಎಂದು ಮನಸ್ಸು ಹೇಳುತ್ತಲೇ ಇತ್ತು. ಕೈ ಕೇಳಲಿಲ್ಲ.

ನೀರೊಳಗೆ ಹೋದಾಗ ಮುಷ್ಟಿಯಲ್ಲಿ ಬಾವುಟವಿತ್ತು. ಮೇಲೆ ವಾದ್ಯದವರು ಶುರು ಮಾಡಿದ್ದು ಅಲ್ಲಿಗೂ ಕೇಳಿಸಿತು. ಹೀಗೇ ತಳ ಸೇರಿಬಿಟ್ಟರೆ ವಾಸಿ ಎನಿಸಿತು, ಅಷ್ಟು ನಾಚಿಕೆಯಾಗಿತ್ತು ಅವನಿಗೆ.

ಕಟ್ಟೆಯ ಮೆಟ್ಟಿಲ ಹತ್ತಿರ ಕೈಚಾಚಿ ಮೇಲೆಳೆದುಕೊಂಡವನು ಮೆಲೊನೇ.

"ಹೇಳಿರಲಿಲ್ವಾ, ನಿನಗೆ ಬೀಳೋಕೆ ಬರಲ್ಲ ಅಂತ," ಎಂದ. ನಗಲು ನೋಡಿದ, ಆಗಲಿಲ್ಲ.

"ಹೇಗಾಯ್ತೋ ಗೊತ್ತಿಲ್ಲ ಕಣೋ. ನಾನು ಬೇಕೂಂತ..."

"ಅದಿರಲಿ. ಅಪ್ಪನ್ನ ನೋಡು."

ಬಾಸ್ತಿಯಾನೊ ಎದ್ದು ನಿಂತು ಟೋಪಿ ಬೀಸುತ್ತಿದ್ದ. ಕೆಂಪು ಅಲುಗಿದ್ದು, ನೆರಳೊಂದು ಅದರ ಜೊತೆಗೇ ನೀರಿಗೆ ಹಾರಿದ್ದು ಅವನಿಗೆ ಕಂಡಿತ್ತು. "ಯಾರು ಹೇಳಿ? ನನ್ನ ಮಗ! ನಾನು ಹೇಳಲಿಲ್ವಾ!" ಅಕ್ಕಪಕ್ಕದವರು ಮುಖ ಮುಖ ನೋಡಿಕೊಂಡರೇ ಹೊರತು ಬಾಯಿ ಬಿಡಲಿಲ್ಲ.

ವಾನ್ನಿ ಬಾವುಟವನ್ನು ಮೆಲೊನ ಕೈಗೆ ತುರುಕಿದ. "ತಗೊಂಡು ಹೋಗು. ನೀನೇ ಕಿತ್ತಿದ್ದು ಅನ್ನು. ಊರಲ್ಲಿ ಒಬ್ಬರೂ ಉಸಿರೆತ್ತದ ಹಾಗೆ ನಾನು ನೋಡ್ಕೋತೀನಿ."

"ಅಪ್ಪನ ಹತ್ರ ಸುಳ್ಳು ಹೇಳ್ಲಾ?"

"ಅವರ ಮುಖ ನೋಡಿ ಹೇಳೋ."

ಮೆಲೊ ನೋಡಿದ. ಬಾವುಟ ಹಿಡಿದು ಹೋಗಿ ಅಪ್ಪನ ಮುಂದೆ ನಿಂತ. ವಾನ್ನಿ ಒಂದೆರಡು ಮಾರು ಹಿಂದೆ ನಿಂತುಕೊಂಡ. ಮುದುಕ ಒದ್ದೆ ಬಾವುಟವನ್ನು ಎರಡೂ ಕೆನ್ನೆಗೆ ಒತ್ತಿಕೊಂಡ. ಆಮೇಲೆ ಮಗನನ್ನು ಬಾಚಿ ತಬ್ಬಿದ. ಅವನ ಕೈಗಳು ಮಗನ ಬೆನ್ನ ಮೇಲೆ, ಹೆಗಲ ಮೇಲೆ, ಎದೆಯ ಮೇಲೆ ಆಡಿದವು. ಆಡುತ್ತಾ ಆಡುತ್ತಾ ನಿಂತವು. ಬೆಳಿಗ್ಗೆ ಮೆಲೊನ ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಅಂಗಿ ಅವನ ಮೈಮೇಲೆ ಹಾಗೇ ಗರಿಗರಿಯಾಗಿತ್ತು. ಒಂದು ಹನಿ ನೀರಿಲ್ಲ, ಒಂದು ಚೂರು ಕೊಬ್ಬಿಲ್ಲ.

"ಇದು ಒದ್ದೇನೇ ಆಗಿಲ್ಲವಲ್ಲೋ," ಎಂದ ಬಾಸ್ತಿಯಾನೊ, ಮೆಲ್ಲಗೆ.

ಮೆಲೊ ತಲೆ ತಗ್ಗಿಸಿದ. ವಾನ್ನಿಯ ಬಟ್ಟೆಯಿಂದ ನೀರು ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮುದುಕ ಆ ಸದ್ದಿನ ಕಡೆ ಮುಖ ತಿರುಗಿಸಿದ. ಬಾವುಟವನ್ನು ನಾಲ್ಕು ಮಡಿಕೆ ಮಡಿಸಿ ಅತ್ತ ಚಾಚಿದ.

"ತಗೋ ವಾನ್ನಿ. ಒದ್ದೆ ಬಟ್ಟೇಲಿ ಎಷ್ಟೊತ್ತು ನಿಂತಿರ್ತೀಯಾ ಮಗಾ? ಮನೆಗೆ ಹೋಗು, ಶೀತ ಆಗುತ್ತೆ."